ಟಿಕೆಟ್ ಕೊಂಡು ಮಾನ ಕಳೆದ ನಮ್ಮತ್ತೆ

ಮನೆತನದ ಮಾನ ಕಳೆಯುವವರು ಎಲ್ಲ ಮನೆಗಳಲ್ಲೂ ಒಬ್ಬರಾದರೂ ಇರುತ್ತಾರೆ. ಸಾಮಾನ್ಯವಾಗಿ ಅವರು ಅದನ್ನು ಪುಕ್ಕಟೆ ಕಳೆಯುತ್ತಾರೆ. ಟಿಕೆಟ್ ಕೊಂಡು, ಸಾಲಿನಲ್ಲಿ ನಿಂತು, ಮಣಿಕಟ್ಟಿಗೆ ಕಾಗದದ ಪಟ್ಟಿ ಕಟ್ಟಿಸಿಕೊಂಡು, ಶಿಸ್ತಾಗಿ ಒಳಗೆ ಹೋಗಿ ಮಾನ ಕಳೆದು ಬರುವವರು ಮಾತ್ರ ಇಡೀ ಉತ್ತರ ಬೆಂಗಳೂರಿನಲ್ಲಿ ನಮ್ಮತ್ತೆ ಒಬ್ಬರೇ ಎಂದು ನಾನು ಯಾವ ದೇವಸ್ಥಾನದ ಮೆಟ್ಟಿಲ ಮೇಲೆ ಬೇಕಾದರೂ ನಿಂತು ಪ್ರಮಾಣ ಮಾಡುತ್ತೇನೆ!

ಅತ್ತೆ ಎಂದರೆ ಗಂಡನ ತಾಯಿಯಲ್ಲ. (ಆಕೆ ಬಹಳ ಮರ್ಯಾದಸ್ಥೆ. ಸಂಜೆಯ ಧಾರಾವಾಹಿ ಬಿಟ್ಟರೆ ಬೇರೇನನ್ನೂ ನೋಡುವುದಿಲ್ಲ.) ಇವರು ನಮ್ಮಪ್ಪನ ಅಕ್ಕ. ವಯಸ್ಸು ಅರವತ್ತೆಂಟು. ಎಡಗಾಲಿನ ಮಂಡಿ ನೋವು. ಹುಟ್ಟಿದ್ದೂ ಶೆಟ್ಟಿಹಳ್ಳಿ, ಮದುವೆಯಾಗಿ ಹೋದದ್ದೂ ಶೆಟ್ಟಿಹಳ್ಳಿ. ತವರಿನಿಂದ ಗಂಡನ ಮನೆಗೆ ನಾಲ್ಕು ನಿಮಿಷದ ನಡಿಗೆ. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಗಿ, ಸೈಟುಗಳು ಮೂರಂತಸ್ತಿನ ಮನೆಗಳಾಗಿ, ಈಗ ಅವುಗಳಲ್ಲೊಂದರ ನೆಲಮಹಡಿಯಲ್ಲಿ ಮಗ ಸೊಸೆಯ ಜೊತೆ ಅತ್ತೆ ಇದ್ದಾರೆ, ಮೇಲೆಲ್ಲ ಬಾಡಿಗೆಯವರು.

ಇಂಥ ಹೆಂಗಸಿಗೆ ಇರಬಹುದಾದ ಹುಚ್ಚು ಯಾವುದು ಹೇಳಿ? ಭಜನೆ ಇರಬಹುದು. ತೀರ್ಥಯಾತ್ರೆ ಇರಬಹುದು. ಬಾಡಿಗೆಯವರು ನೀರಿನ ಮೋಟಾರು ಎಷ್ಟು ಹೊತ್ತು ಓಡಿಸುತ್ತಾರೆ ಎಂದು ಕಿವಿಗೊಟ್ಟು ಕೂರುವುದಿರಬಹುದು. ನಮ್ಮತ್ತೆಗೆ ಹಿಡಿದದ್ದು ಲೈವ್ ಮ್ಯೂಸಿಕ್ಕಿನ ಹುಚ್ಚು. ಗಿಟಾರು, ಡ್ರಮ್ಸು, ಹೊಗೆ ಬಿಡುವ ಯಂತ್ರ, ಎದೆಗೂಡು ಅದುರಿಸುವ ಸ್ಪೀಕರು. ಹೆಬ್ಬಾಳದಿಂದ ಯಲಹಂಕದವರೆಗೆ ಎಲ್ಲಿ ಯಾರು ವೇದಿಕೆ ಹತ್ತಿದರೂ ಮುಂದಿನ ಸಾಲಿನಲ್ಲಿ ಒಂದು ಮೈಸೂರು ಸಿಲ್ಕ್ ಸೀರೆ ಕಾಣಿಸಿತು ಎಂದರೆ ಅದು ನಮ್ಮತ್ತೆ.

ಶುರುವಾದದ್ದು ಟೆರೇಸಿನ ಮೇಲಿನ ಶೀಟಿನ ರೂಮಿನಿಂದ. ಅದಕ್ಕೆ ನಾಲ್ಕು ಜನ ಯುವಕರು ಬಾಡಿಗೆಗೆ ಬಂದರು. ಕಂಪನಿ ಕೆಲಸ ಎಂದಿದ್ದರು, ಅದು ನಿಜವೇ. ಆದರೆ ಶನಿವಾರ ಭಾನುವಾರ ಅವರು ಒಂದು ಬ್ಯಾಂಡು ಎಂದು ಹೇಳಿರಲಿಲ್ಲ. ಮೊದಲ ಶನಿವಾರವೇ ಎರಡನೇ ಮಹಡಿಯವರ ಸೀಲಿಂಗು ನಡುಗಿ ದೂರು ಬಂತು. ಅತ್ತೆ ಪೊರಕೆ ಹಿಡಿದು, ಮಂಡಿಗೆ ಶಾಪ ಹಾಕುತ್ತ, ಮೇಲೆ ಹತ್ತಿದರು. ಎರಡು ಗಂಟೆಯ ಮೇಲೆ ಇಳಿದು ಬಂದರು. ಪೊರಕೆ ಅಲ್ಲೇ ಬಿಟ್ಟಿದ್ದರು.

"ಚೆನ್ನಾಗ್ ಬಡೀತಾನೆ ಕಣವ್ವ. ನಮ್ಮೂರಾಗ್ ತಮಟೆ ಬಡೀತಿದ್ದೋರ್ ಕೈ ಇದ್ದಂಗದೆ," ಎಂದರು ನನಗೆ.

ಅಲ್ಲಿಗೆ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಮುಂದಿನ ವಾರ ಅತ್ತೆಗೆ ಡ್ರಮ್ಮಿನ ನಾದ ಮಂಕಾಗಿದೆ ಎನಿಸಿತು. ತಮಟೆಯ ನಾದ ಮಂಕಾದರೆ ನಮ್ಮ ಕಡೆ ಏನು ಮಾಡುತ್ತಾರೆ? ಬೆಂಕಿಗೆ ಹಿಡಿದು ಚರ್ಮ ಕಾಯಿಸುತ್ತಾರೆ. ಹುಡುಗರು ತಿಂಡಿಗೆ ಹೋಗಿದ್ದಾಗ ಅತ್ತೆ ಟೆರೇಸಿನ ಮೂಲೆಯಲ್ಲಿ ತೆಂಗಿನ ಗರಿ ಹೊತ್ತಿಸಿ, ಇರುವುದರಲ್ಲಿ ದೊಡ್ಡ ಡ್ರಮ್ಮನ್ನು ಉರುಳಿಸಿಕೊಂಡು ಬಂದು, ಅದರ ಮುಖವನ್ನು ಬೆಂಕಿಗೆ ಒಡ್ಡಿದರು. ಅದು ಚರ್ಮವಲ್ಲ, ಪ್ಲಾಸ್ಟಿಕ್ ಎಂದು ಅವರಿಗೆ ಯಾರು ಹೇಳಬೇಕು? ಹಪ್ಪಳ ಸುಟ್ಟ ಹಾಗೆ ಅದು ಮುದುಡಿಕೊಂಡಿತು. ವಾಪಸು ಬಂದ ಹುಡುಗರು ಅದನ್ನು ನೋಡಿ ಬಾಯಿ ತೆರೆದವರು ಮುಚ್ಚಲಿಲ್ಲ. ಅತ್ತೆ ಮಾತ್ರ, ನಿಮಗೆ ಅಂಗಡಿಯವನು ಮೋಸ ಮಾಡಿದ್ದಾನೆ, ಇದು ಯಾವ ದನದ ಚರ್ಮವೂ ಅಲ್ಲ ಎಂದು ಅವರಿಗೇ ಬುದ್ಧಿ ಹೇಳಿದರಂತೆ.

ಡ್ರಮ್ಮಿಗೆ ಹೊಸ ಹೊದಿಕೆ ಅತ್ತೆಯ ಖರ್ಚಿನಲ್ಲಿ ಬಂತು, ಜೊತೆಗೆ ಒಂದು ಒಪ್ಪಂದವೂ ಬಂತು. ವಾದ್ಯ ಬಾರಿಸಬಹುದು, ಆದರೆ ಸಂಜೆ ಏಳರವರೆಗೆ ಮಾತ್ರ, ಮತ್ತು ಎರಡನೇ ಮಹಡಿಯವರ ದೂರಿನ ಸಲುವಾಗಿ ಹಾಡುವವನು ಬಾಯಿ ಬಿಡಕೂಡದು. ಹಾಡುವವನು ಎಂದರೆ ನಾಲ್ವರಲ್ಲಿ ಬಹಳ ಸಣ್ಣಗಿದ್ದ, ನೀರು ಬರುತ್ತಿಲ್ಲ ಎಂದು ಹೇಳುವುದಕ್ಕೂ ಮೂರು ಸಲ ತೊದಲುತ್ತಿದ್ದ ಯುವಕ. ಅವನು ಬಾಯಿ ಬಿಟ್ಟರೆ ಏನಾಗುತ್ತದೆ ಎಂದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಡ್ರಮ್ಮಿನವನು ಹೆಬ್ಬಾಳದಲ್ಲಿ ಯಾವುದೋ ಬೇರೆ ತಂಡಕ್ಕೆ ಬಾರಿಸುವುದಕ್ಕೆ ಹೋಗುವಾಗ ಉಪಚಾರಕ್ಕೆ, ಅಜ್ಜಿ ನೀವೂ ಬನ್ನಿ ಎಂದ. ಉಪಚಾರದ ಮಾತಿಗೂ ಕರೆಗೂ ವ್ಯತ್ಯಾಸವಿದೆ ಎಂದು ಪಾಪ ಅವನಿಗೆ ಗೊತ್ತಿಲ್ಲ. ಅತ್ತೆ ರೇಷ್ಮೆ ಸೀರೆ ಉಟ್ಟು, ತಟ್ಟೆಯಲ್ಲಿ ಬಾಳೆಹಣ್ಣು, ವೀಳ್ಯದೆಲೆ, ತೆಂಗಿನಕಾಯಿ ಇಟ್ಟು, ಮೇಲೆ ಬಟ್ಟೆ ಮುಚ್ಚಿಕೊಂಡು ನನ್ನ ಸ್ಕೂಟರು ಹತ್ತಿದರು. ಕರೆದವರ ಮನೆಗೆ ಬರಿಗೈಲಿ ಹೋಗುತ್ತಾರೆಯೇ? ಅದು ಮನೆಯಲ್ಲ ಅತ್ತೆ, ಪಬ್ಬು ಎಂದೆ. ಅದ್ಯಾವ ಊರಾದ್ರೇನು ಎಂದರು.

ಬಾಗಿಲಲ್ಲಿ ನಿಂತಿದ್ದ ಆಜಾನುಬಾಹು ಕಾವಲುಗಾರ ತಟ್ಟೆಯ ಬಟ್ಟೆ ಸರಿಸಿ ನೋಡಿದ. ಹಣ್ಣು ಬಿಟ್ಟ, ಎಲೆ ಬಿಟ್ಟ, ಕಾಯಿ ಬಿಡಲಿಲ್ಲ. ಜನರ ಮೇಲೆ ಎಸೆಯಬಹುದಾದ ವಸ್ತುವಂತೆ! ನಲವತ್ತು ವರ್ಷದಿಂದ ಕಾಯಿ ಹಿಡಿದು ತಿರುಗುತ್ತಿದ್ದೇನೆ, ಇದುವರೆಗೆ ಒಬ್ಬರ ಮೇಲಾದರೂ ಎಸೆದಿದ್ದೇನಾ ಎಂದು ಅತ್ತೆ ನನ್ನ ಕಡೆ ತಿರುಗಿ ಸಾಕ್ಷಿ ಕೇಳಿದರು. ಹಿಂದೆ ಮೂವತ್ತು ಜನರ ಸಾಲು. ಎಲ್ಲರೂ ಚಡ್ಡಿಯಲ್ಲಿ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಮಾನದ ವಿಷಯದಲ್ಲಿ ಅಪ್ಪನಿಗಿಂತ ಒಂದು ಕೈ ಮೇಲು. ನೆಲ ಬಾಯಿ ಬಿಟ್ಟಿದ್ದರೆ ಸ್ಕೂಟರಿನ ಸಮೇತ ಇಳಿದುಬಿಡುತ್ತಿದ್ದೆ. ಕೊನೆಗೆ ಕಾಯಿಯನ್ನು ಕಾವಲುಗಾರನ ಕುರ್ಚಿಯ ಕೆಳಗಿಟ್ಟು ಒಳಗೆ ಹೋದೆವು. ಅಂದಿನಿಂದ ಅತ್ತೆ ಕಾಯಿ ಬಿಟ್ಟು ನಿಂಬೆಹಣ್ಣು ಹಿಡಿದರು. ಪಾನಕಕ್ಕೆ ಎಂದುಕೊಂಡು ಯಾರೂ ಅದನ್ನು ತಡೆಯುವುದಿಲ್ಲ.

ಒಳಗೆ ಅತ್ತೆ ಬಾಳೆಹಣ್ಣು ಹಂಚಿದರು. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಆ ದಿನ ಕೈಗೆ ಕಟ್ಟಿದ ಹಸಿರು ಪಟ್ಟಿಯನ್ನು ಮನೆಗೆ ಬಂದ ಮೇಲೆ ಕತ್ತರಿಸಲು ಹೋದರೆ ಅತ್ತೆ ಬಿಡಲಿಲ್ಲ. ಕಟ್ಟಿದ್ದು ತಾನಾಗಿ ಬೀಳಬೇಕಂತೆ. ಆಮೇಲೆ ಕೆಂಪು ಬಂತು, ಹಳದಿ ಬಂತು, ಹೊಳೆಯುವ ನೇರಳೆ ಬಂತು. ಗಾಜಿನ ಬಳೆಗಳ ನಡುವೆ ಈ ಪಟ್ಟಿಗಳೂ ಸೇರಿ ಮೊಣಕೈಯವರೆಗೆ ಏರುತ್ತ ಹೋದವು. ನೆಂಟರ ಮದುವೆಗಳಲ್ಲಿ ಹೆಂಗಸರು ಅತ್ತೆಯ ಕೈ ಹಿಡಿದು, ಇದ್ಯಾವ ಹರಕೆಯದ್ದು ಎಂದು ಕೇಳುತ್ತಾರೆ. ಅತ್ತೆ ಒಂದೊಂದನ್ನೂ ಮುಟ್ಟಿ ತೋರಿಸಿ ಯಾರು ಬಾರಿಸಿದರು, ಯಾರು ಹಾಡಿದರು, ಎಷ್ಟು ಬೆವರಿದರು ಎಂದು ಹೇಳುತ್ತಾರೆ.

ಬೆವರು ಬಹಳ ಮುಖ್ಯ. ಅತ್ತೆಗೆ ರಾಗ ತಿಳಿಯದು, ತಾಳದ ಹೆಸರು ತಿಳಿಯದು, ಇಂಗ್ಲಿಷ್ ಅಂತೂ ಒಂದಕ್ಷರ ಬಾರದು. ಆದರೆ ಹಾಡುವವನ ಹಣೆ ನೋಡಿ ತೀರ್ಪು ಹೇಳುತ್ತಾರೆ. ಮೊಬೈಲಿನಲ್ಲಿ ಕೇಳಿ ಅತ್ತೆ, ಮನೆಯಲ್ಲೇ ಆಗುತ್ತದೆ ಎಂದು ನಾನು ಎಷ್ಟೋ ಸಲ ಬೇಡಿಕೊಂಡಿದ್ದೇನೆ.

"ಅದು ತಂಗ್ಳು ಕಣವ್ವ," ಎನ್ನುತ್ತಾರೆ. "ಆಡೋನು ಎದ್ರಿಗಿರ್ಬೇಕು. ಅವನ್ ಬೆವ್ರು ನಮ್ಗ್ ಕಾಣ್ಬೇಕು."

ಒಮ್ಮೆ ಆರ್.ಟಿ. ನಗರದ ಕಡೆ ಒಂದು ದೊಡ್ಡ ಅಂಗಡಿಯ ಪ್ರಾರಂಭೋತ್ಸವಕ್ಕೆ ಯಾರೋ ಗಾಯಕನನ್ನು ಕರೆಸಿದ್ದರು. ಬಿಸಿಲು ಸುಡುತ್ತಿತ್ತು. ಆತ ಕೋಟು ಹಾಕಿಕೊಂಡು ಕುಣಿಯುತ್ತ ಹಾಡುತ್ತಿದ್ದ. ಜನ ಚಪ್ಪಾಳೆಯೋ ಚಪ್ಪಾಳೆ. ಅತ್ತೆ ಎರಡು ಹಾಡು ಸುಮ್ಮನಿದ್ದು, ಮೂರನೆಯದರ ನಡುವೆ ಎದ್ದು ನಿಂತು ಇವನು ಬೆವರುತ್ತಿಲ್ಲ ಎಂದು ಘೋಷಿಸಿದರು. ಆತ ನಗುತ್ತ ಮೈಕನ್ನು ಅತ್ತೆಯ ಕಡೆ ಚಾಚಿದ, ಅಭಿಮಾನಿ ಎಂದುಕೊಂಡ. ಅತ್ತೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು, ವಾಪಸು ಕೊಡಲಿಲ್ಲ. ಹಾಡು ಮಾತ್ರ ನಿಲ್ಲದೆ ಮುಂದುವರಿಯಿತು! ಮೈಕು ಅತ್ತೆಯ ಕೈಯಲ್ಲಿ, ಗಾಯಕನ ಧ್ವನಿ ಸ್ಪೀಕರಿನಲ್ಲಿ, ಗಾಯಕನ ಬಾಯಿ ಮುಚ್ಚಿ! ನಾವು ಆ ಅಂಗಡಿಯ ಮುಂದಿನ ರಸ್ತೆಯಲ್ಲಿ ಈಗಲೂ ಓಡಾಡುವುದಿಲ್ಲ.

ಇಷ್ಟೆಲ್ಲದರ ವರದಿ ಹೋಗುತ್ತಿದ್ದದ್ದು ನಮ್ಮಪ್ಪನಿಗೆ. ಪ್ರತಿ ಕಾರ್ಯಕ್ರಮದ ಮರುದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಅತ್ತೆ ತವರಿಗೆ ಬರುತ್ತಿದ್ದರು. ಅಪ್ಪ ಜಗಲಿಯ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲಿ. ಊರಿನವರ ಜಗಳಗಳಿಗೆ ಪಂಚಾಯಿತಿ ಹೇಳಿ ಬಾಳಿದ ಮನುಷ್ಯ. ಜೋರಾಗಿ ಸೀನುವುದೂ ಅವರ ಪ್ರಕಾರ ಮರ್ಯಾದೆಗೆ ಕುಂದು. ಅತ್ತೆ ಎದುರಿಗೆ ಕೂತು ಕಾಯಿಯ ಕಥೆ, ಮೈಕಿನ ಕಥೆ, ಎಲ್ಲವನ್ನೂ ಒಂದಕ್ಕೆರಡು ಮಾಡಿ ಹೇಳುತ್ತಿದ್ದರು. ಅಪ್ಪ ಎಲ್ಲ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಹೇಳುತ್ತಿದ್ದರು.

"ಅಕ್ಕಯ್ಯ, ಮಾನ ಕಳೀಬ್ಯಾಡ."

ಅಷ್ಟೇ. ಬಹುಮಾನ ಬಂದವರ ಹಾಗೆ ಅತ್ತೆ ತೃಪ್ತಿಯಿಂದ ಕಾಫಿ ಮುಗಿಸಿ, ಸೆರಗು ಕೊಡವಿ ಎದ್ದು ಹೋಗುತ್ತಿದ್ದರು. ಮುಂದಿನ ವಾರ ಮತ್ತೆ ಟಿಕೆಟ್ಟು. ಬುದ್ಧಿವಾದ ಕೇಳುವುದಕ್ಕೆ ಇಷ್ಟು ನಿಯತ್ತಾಗಿ ಬರುವವರು ಅದನ್ನು ಇಷ್ಟು ನಿಯತ್ತಾಗಿ ಮುರಿಯುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸೋತವು, ಮಾತು ನಿಂತಿತು. ಕೈಕಾಲು ತಿಂಗಳು ತಿಂಗಳಿಗೂ ಸ್ವಲ್ಪ ಸ್ವಲ್ಪ ಹೇಳಿದ ಹಾಗೆ ಕೇಳತೊಡಗಿದವು. ಮಾತು ಮಾತ್ರ ಬರಲಿಲ್ಲ. ಬರಬಹುದು, ಬರದೆಯೂ ಇರಬಹುದು, ಎದುರಿಗೆ ಕೂತು ಮಾತಾಡಿಸುತ್ತಿರಿ ಎಂದರು ಡಾಕ್ಟರು. ಮಾತು ಕಲಿಸುವುದಕ್ಕೆ ಬರುತ್ತಿದ್ದ ಹುಡುಗಿ ಒಳ್ಳೆಯವಳು, ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಹಿಡಿದು ಇದೇನು, ಇದೇನು ಎನ್ನುತ್ತಿದ್ದಳು. ಅಪ್ಪ ಅವಮಾನವಾದವರಂತೆ ಗೋಡೆ ನೋಡುತ್ತಿದ್ದರು. ಎಮ್ಮೆ ಸಾಕಿ ಬದುಕಿದವನಿಗೆ ಎಮ್ಮೆ ಚಿತ್ರ ತೋರಿಸಿ ಇದೇನು ಎಂದರೆ ಅವನು ಯಾಕೆ ಮಾತಾಡುತ್ತಾನೆ ಎಂದು ಅತ್ತೆ ಅಡುಗೆಮನೆಯಲ್ಲಿ ಗೊಣಗಿದರು.

ಇನ್ನಾದರೂ ಅತ್ತೆ ತಿರುಗಾಟ ಬಿಡುತ್ತಾರೆ ಎಂದುಕೊಂಡೆವು. ಬಿಟ್ಟರೇ? ಹೆಚ್ಚಾಯಿತು! ತಮ್ಮ ಮಾತಿಲ್ಲದೆ ಕೂತಿದ್ದಾನೆ, ಇವರು ವಾರಕ್ಕೆರಡು ಕಾರ್ಯಕ್ರಮ. ಅಮ್ಮ ಕಣ್ಣು ಒರೆಸಿಕೊಂಡು ಸುಮ್ಮನಾದರು. ನಾನು ಸುಮ್ಮನಾಗಲಿಲ್ಲ, ನಿಮಗೆ ಹೃದಯವಿದೆಯಾ ಎಂದು ನೇರವಾಗಿ ಕೇಳಿದೆ. ಅತ್ತೆ ಮರುದಿನ ಹತ್ತು ಗಂಟೆಗೆ ಎಂದಿನಂತೆ ಬಂದು ಅಪ್ಪನ ಎದುರಿಗೆ ಕೂತು ವರದಿ ಒಪ್ಪಿಸಿದರು. ಕಾವಲುಗಾರನ ಜೊತೆ ಜಗಳ, ಸ್ಪೀಕರಿಗೆ ಕುಂಕುಮ ಇಟ್ಟದ್ದು, ಗಿಟಾರಿನವನಿಗೆ ವಧು ನೋಡಿದ್ದು. ಎಲ್ಲ ಹೇಳಿ, ಅಪ್ಪ ಯಾವಾಗಲೂ ಆ ಒಂದು ಮಾತು ಹೇಳುತ್ತಿದ್ದ ಜಾಗ ಬಂದಾಗ, ನಿಲ್ಲಿಸಿದರು. ಅಪ್ಪನ ತುಟಿಯನ್ನೇ ನೋಡುತ್ತ ಕೂತರು. ಆಮೇಲೆ ಕಾಫಿ ಕುಡಿಯದೆ ಎದ್ದು ಹೋದರು.

ಹಾಗೆ ಎಂಟು ತಿಂಗಳು. ಪ್ರತಿ ಸಲವೂ ಕಥೆ ಹಿಂದಿನದಕ್ಕಿಂತ ಘೋರ, ಪ್ರತಿ ಸಲವೂ ಆ ಜಾಗದಲ್ಲಿ ನಿಲುಗಡೆ. ರಜೆಯ ದಿನ ಅಪ್ಪನನ್ನು ನೋಡಲು ಬಂದಾಗಲೆಲ್ಲ ನಾನು ಬಾಗಿಲ ಸಂದಿಯಿಂದ ಇದನ್ನು ನೋಡುತ್ತಿದ್ದೆ. ಹೃದಯದ ಪ್ರಶ್ನೆಯನ್ನು ನಾನು ಮತ್ತೆ ಕೇಳಲಿಲ್ಲ.

ಅಷ್ಟರಲ್ಲಿ ಟೆರೇಸಿನ ಹುಡುಗರಿಗೆ ಮೊದಲ ಸಲ ಸ್ವಂತ ವೇದಿಕೆ ಸಿಕ್ಕಿತು. ಯಶವಂತಪುರದಲ್ಲಿ, ಹಿಂದೆ ಕಾರ್ಖಾನೆಯಾಗಿದ್ದ ಒಂದು ಶೆಡ್ಡು, ಭಾನುವಾರ ಮಧ್ಯಾಹ್ನ. ಅತ್ತೆ ಒಬ್ಬರೇ ಹೋದರೆ ಏನು ಮಾಡುತ್ತಾರೋ ಎಂಬ ಭಯಕ್ಕೆ ನಾನೂ ಹೋದೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ಬೆಂದು, ಒಳಗೆ ಹೆಜ್ಜೆ ಇಡುವ ಹೊತ್ತಿಗೆ ದೀಪ ಆರಿತು, ಹೊಗೆ ಎದ್ದಿತು, ಆ ತೊದಲುವ ಯುವಕ ಮೈಕಿನ ಮುಂದೆ ಬಂದು ಬಾಯಿ ಬಿಟ್ಟ.

ಅಯ್ಯೋ, ಅದೇನು ಗಂಟಲೇ! ಪಾತಾಳದಿಂದ ಬಂದಂತಿತ್ತು. ಜುಟ್ಟು ಬಿಚ್ಚಿಕೊಂಡಿದ್ದ, ಉದ್ದ ಕೂದಲು ಬೀಸಿ ಬೀಸಿ ತಲೆ ತಿರುಗಿಸುತ್ತ, ಕಣ್ಣು ಮೇಲೆ ಮಾಡಿಕೊಂಡು ಗುಟುರು ಹಾಕುತ್ತಿದ್ದ. ಕೆಳಗೆ ನೂರಾರು ಜನ ಒಬ್ಬರನ್ನೊಬ್ಬರು ಗುದ್ದಿಕೊಂಡು ಸುತ್ತು ಹಾಕುತ್ತಿದ್ದರು. ಪಕ್ಕಕ್ಕೆ ತಿರುಗಿ ನೋಡಿದರೆ ಅತ್ತೆ ಕೈಮುಗಿದು ನಿಂತಿದ್ದಾರೆ.

ನನಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ನಮ್ಮೂರಿನ ಗುಡಿಯಲ್ಲಿ ಪೂಜಾರಿಯ ಮೈಮೇಲೆ ದೇವರು ಬಂದಾಗ ಹೀಗೆಯೇ ಆಗುತ್ತದೆ. ಕೂದಲು ಬಿಚ್ಚುತ್ತದೆ, ಗಂಟಲು ದಪ್ಪವಾಗುತ್ತದೆ, ಮೈ ನಡುಗುತ್ತದೆ. ಜನ ನಿಂಬೆಹಣ್ಣು ಹಿಡಿದು ಮುಂದೆ ಹೋಗಿ ತಮ್ಮ ಕಷ್ಟ ಕೇಳುತ್ತಾರೆ, ದೇವರು ಹೇಳಿಕೆ ಕೊಡುತ್ತದೆ. ಸಂಜೆ ನೀರು ಕೇಳುವುದಕ್ಕೆ ತೊದಲುವ ಹುಡುಗ ಇದ್ದಕ್ಕಿದ್ದಂತೆ ಈ ರೂಪ ತಾಳಿದರೆ ಅತ್ತೆ ಬೇರೆ ಏನೆಂದು ತಿಳಿಯಬೇಕು?

"ಇಷ್ಟೊತ್ತಾದ್ರೂ ಒಬ್ರೂ ನಿಂಬೆಣ್ಣು ಕೊಡ್ಲಿಲ್ವಲ್ಲವ್ವ ಅದಕ್ಕೆ," ಎಂದವರೇ ಸೊಂಟದ ಚೀಲಕ್ಕೆ ಕೈ ಹಾಕಿ ಮುಂದೆ ನುಗ್ಗಿದರು.

ನಾನು ಸೆರಗು ಹಿಡಿಯಲು ಹೋದೆ, ಸಿಗಲಿಲ್ಲ. ಗುದ್ದಾಡುತ್ತಿದ್ದ ಜನ ರೇಷ್ಮೆ ಸೀರೆಯನ್ನು ಕಂಡು ತಾವಾಗಿ ದಾರಿ ಬಿಟ್ಟರು. ಹಾಡು ಮುಗಿಯುವ ಹೊತ್ತಿಗೆ ಅತ್ತೆ ವೇದಿಕೆಯ ಅಂಚಿನಲ್ಲಿ ನಿಂಬೆಹಣ್ಣನ್ನು ಮೇಲಕ್ಕೆ ಹಿಡಿದು ನಿಂತಿದ್ದರು. ಹುಡುಗ ಏದುಸಿರು ಬಿಡುತ್ತ ಬಗ್ಗಿದ. ಮೈಕು ಅವನ ಕೈಯಲ್ಲೇ ಇತ್ತು. ಹಾಗಾಗಿ ಅತ್ತೆ ಕೇಳಿದ್ದು ಇಡೀ ಶೆಡ್ಡಿಗೆ ಕೇಳಿಸಿತು.

"ನನ್ ತಮ್ಮ ಮಾತಾಡಿ ಎಂಟ್ ತಿಂಗ್ಳಾತು. ಯಾವಾಗ್ ಮಾತಾಡ್ತಾನೆ ಏಳಪ್ಪ."

ನನ್ನ ಬೆನ್ನ ಹಿಂದಿನಿಂದ ಒಂದು ಪರಿಚಿತ ದನಿ, ಮೇಡಂ ನೀವೂ ಬಂದಿದ್ದೀರಾ ಎಂದಿತು. ಎರಡು ವರ್ಷದ ಹಿಂದೆ ನನ್ನಲ್ಲಿ ಗಣಿತ ಕಲಿತು ಹೋದ ಹುಡುಗಿ, ಮೈಯೆಲ್ಲ ಕಪ್ಪು ಬಟ್ಟೆ. ಆ ಅಜ್ಜಿ ನಿಮ್ಮ ಕಡೆಯವರಾ ಎಂದು ಕೇಳಿದಳು. ನಾನು ಅಲ್ಲ ಎಂದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತಿದೆ. ಅಲ್ಲ, ಯಾರೋ ಗೊತ್ತಿಲ್ಲ ಎಂದೆ.

ವೇದಿಕೆಯ ಮೇಲಿನ ಹುಡುಗನ ಗಂಟಲು ಮತ್ತೆ ಹಳೆಯ ತೊದಲು ಗಂಟಲಾಗಿತ್ತು. ಅವನು ನಗಲಿಲ್ಲ. ನಿಂಬೆಹಣ್ಣನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ತಾತನ್ನ ಕರ್ಕೊಂಡ್ ಬನ್ನಿ ಅಜ್ಜಿ," ಎಂದ. "ಮುಂದಿನ್ ತಿಂಗ್ಳು ಯಲಹಂಕದಲ್ಲಿ ಇದೆ."

ಅವನು ಹೇಳಿದ್ದು ಮರ್ಯಾದೆಗೆ. ಅತ್ತೆ ಕೇಳಿಸಿಕೊಂಡದ್ದು ಹೇಳಿಕೆ. ದೇವರೇ ಬಾಯಿಬಿಟ್ಟು ತಿಂಗಳು, ಸ್ಥಳ ಎರಡನ್ನೂ ಹೇಳಿದ ಮೇಲೆ ತಡೆಯುವುದಕ್ಕೆ ನಾವು ಯಾರು? ಅದು ದೇವರಲ್ಲ ಅತ್ತೆ, ಅವರ ಹಾಡುವ ಶೈಲಿಯೇ ಅದು, ನಿಮ್ಮ ಟೆರೇಸಿನಲ್ಲೇ ಬಾಡಿಗೆಗಿದ್ದಾನೆ ಎಂದು ಸಾಕಾಗುವಷ್ಟು ಹೇಳಿದೆ. ದೇವರು ಬಾಡಿಗೆಗೆ ಇರಬಾರದು ಎಂದು ಎಲ್ಲಿದೆ ಎಂದು ಕೇಳಿದರು. ಅಮ್ಮ ಒಂದು ವಾರ ಬೇಡವೆಂದು ಹಟ ಹಿಡಿದರು. ಕೊನೆಗೆ ಕಾರ್ಯಕ್ರಮದ ಭಾನುವಾರ ಬೆಳಿಗ್ಗೆ ತಾವೇ ಅಪ್ಪನ ಬಿಳಿ ಷರಟಿಗೆ ಇಸ್ತ್ರಿ ಹಾಕಿದರು.

ಮಧ್ಯಾಹ್ನ ಮೂರಕ್ಕೆ ಅಪ್ಪನನ್ನು ಕಾರಿನಲ್ಲಿ ಕೂರಿಸಿ, ಗಾಲಿಕುರ್ಚಿ ಹಿಂದೆ ತುಂಬಿ, ಎಂ.ಎಸ್. ಪಾಳ್ಯದ ಮೇಲೆ ಯಲಹಂಕಕ್ಕೆ ಹೋದೆವು. ಬಯಲು ತುಂಬ ಜನ. ಗಾಲಿಕುರ್ಚಿಯವರಿಗೆಂದು ಎಡಗಡೆ ಹಲಗೆ ಹಾಕಿ ಜಾಗ ಮಾಡಿದ್ದರು, ವೇದಿಕೆ ಚೆನ್ನಾಗಿ ಕಾಣುತ್ತಿತ್ತು. ಕಾವಲಿನವನು ಅಪ್ಪನ ಎಡಗೈಗೂ ಒಂದು ಕಿತ್ತಳೆ ಪಟ್ಟಿ ಕಟ್ಟಿದ. ಅಪ್ಪ ಅದನ್ನು ಬಹಳ ಹೊತ್ತು ನೋಡಿದರು, ಆಮೇಲೆ ಅಕ್ಕನ ಕೈ ನೋಡಿದರು.

ಮೊದಲ ತಂಡ ಹಾಡಿತು, ಎರಡನೆಯದು ಹಾಡಿತು. ಅಪ್ಪ ಅಲುಗಲಿಲ್ಲ. ಮೂರನೆಯದು ನಮ್ಮ ಟೆರೇಸಿನವರದು. ಹುಡುಗ ಎರಡು ಹಾಡು ಘರ್ಜಿಸಿ, ಕೂದಲು ಹಿಂದೆ ಹಾಕಿಕೊಂಡು, ತೊದಲುತ್ತ, ನಮ್ಮ ಓನರ್ ಅಜ್ಜಿ ಬಂದಿದ್ದಾರೆ, ಬೆಂಕಿ ಹಚ್ಚಿ ಡ್ರಮ್ಸ್ ಕಾಯಿಸಿದ್ದು ಇವರೇ ಎಂದ. ಬಯಲಿಗೆ ಬಯಲೇ ಕೂಗಿಕೊಂಡಿತು. ಅತ್ತೆ ನನ್ನ ಕೈ ಬಿಡಿಸಿಕೊಂಡು, ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದರು.

ಹೋದವರು ಸುಮ್ಮನೆ ಕೈ ಬೀಸಿ ಬರಬಹುದಿತ್ತಲ್ಲ? ಇಷ್ಟು ಕಣ್ಣು ಬಿದ್ದಿದೆ ಹುಡುಗರ ಮೇಲೆ, ದೃಷ್ಟಿ ತೆಗೆಯದೆ ಬಿಡುತ್ತಾರೆಯೇ? ಸೊಂಟದ ಚೀಲದಿಂದ ಕಲ್ಲುಪ್ಪು ತೆಗೆದು ಮುಷ್ಟಿಯಲ್ಲಿ ಹಿಡಿದು ನಾಲ್ವರಿಗೂ ಒಬ್ಬೊಬ್ಬರಾಗಿ ನಿವಾಳಿಸಿದರು. ದೃಷ್ಟಿ ತೆಗೆದ ಮೇಲೆ ಮೂರು ಸಲ ಉಗಿದ ಹಾಗೆ ಮಾಡುವುದು ಪದ್ಧತಿ. ಹುಡುಗನ ಕೈಯ ಮೈಕು ಅತ್ತೆಯ ಬಾಯಿಯಿಂದ ಒಂದು ಗೇಣು ದೂರದಲ್ಲಿತ್ತು. ಥೂ, ಥೂ, ಥೂ ಎನ್ನುವುದು ಯಲಹಂಕದ ಆಕಾಶದಲ್ಲೆಲ್ಲ ಮೊಳಗಿತು! ಜನ ಕುಣಿದಾಡಿದರು. ಡ್ರಮ್ಮಿನವನು ತಮಟೆಯ ಗತ್ತಿನಲ್ಲಿ ಬಡಿಯತೊಡಗಿದ. ಅರವತ್ತೆಂಟು ವರ್ಷದ ನಮ್ಮತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಟ್ಟಿ ತುಂಬಿದ ಕೈ ಎತ್ತಿ, ಸಾವಿರಾರು ಜನರ ಮುಂದೆ ಕುಣಿದರು.

ನಾನು ಮುಖ ಮುಚ್ಚಿಕೊಂಡಿದ್ದೆ. ಆಗ ಪಕ್ಕದಲ್ಲಿ ಏನೋ ಗೊರಗೊರ ಸದ್ದು. ಅಪ್ಪನಿಗೆ ಉಸಿರು ಕಟ್ಟಿತು ಎಂದು ಹೆದರಿ ನೀರಿನ ಬಾಟಲಿ ಹಿಡಿದು ಬಗ್ಗಿದೆ. ಅಪ್ಪನ ಎಡಗೈ ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿತ್ತು. ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಅವರು ವೇದಿಕೆಯನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಅಕ್ಕಯ್ಯ," ಎಂದರು ಅಪ್ಪ. "ಮಾನ ಕಳೀಬ್ಯಾಡ."

ಎಂಟೊಂಬತ್ತು ತಿಂಗಳ ನಂತರ, ಒಂದಕ್ಷರ ಹಾಳಾಗದೆ, ಅದೇ ಮಾತು!

ನಾನು ಬಾಟಲಿ ಎಸೆದು ವೇದಿಕೆಯ ಮೆಟ್ಟಿಲಿನ ತನಕ ಓಡಿದೆ. ಅತ್ತೆಯನ್ನು ಹೆಚ್ಚುಕಡಿಮೆ ಹೊತ್ತುಕೊಂಡು ಬಂದೆ. ಏನಾಯಿತು ಎಂದು ಕೇಳಿ ತಿಳಿದ ಅತ್ತೆಯ ಮುಖದಿಂದ ನಗು ಹೋಯಿತು. ಏದುಸಿರಿನಲ್ಲೇ ಅಪ್ಪನ ಎದುರಿಗೆ ಬಂದು, ಪ್ರತಿ ಸಲ ವರದಿಯ ಕೊನೆಗೆ ನೋಡುವ ಹಾಗೆ ಅವರ ತುಟಿಯನ್ನೇ ನೋಡುತ್ತ ನಿಂತರು. ಅಪ್ಪನೂ ಅಕ್ಕನನ್ನು ನೋಡಿದರು. ಬಾಯಿ ಬಿಗಿದೇ ಇತ್ತು. ಹಿಂದೆ ಹಾಡು ಮುಗಿಯಿತು, ಇನ್ನೊಂದು ಶುರುವಾಯಿತು.

"ನಿಂಗೆ ಅಂಗ್ ಕೇಳ್ಸಿರ್ಬೇಕು ಕಣವ್ವ," ಎಂದರು ಅತ್ತೆ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ನಾನು ಕೇಳಿದ್ದೆ, ಭ್ರಮೆಯಲ್ಲ, ನನ್ನ ಎರಡು ಕಿವಿಯಾರೆ ಕೇಳಿದ್ದೆ. ಮತ್ತೆ ಮೇಲೆ ಹೋಗಿ ಕುಣಿಯಿರಿ ಅತ್ತೆ ಎಂದೆ. ಅತ್ತೆ ಮಂಡಿ ತೋರಿಸಿದರು. ಅದು ಆಗಲೇ ಊದಿಕೊಂಡು ಸೀರೆಯ ಮೇಲಿಂದಲೂ ಕಾಣುತ್ತಿತ್ತು.

ಅದೇ ಹೊತ್ತಿಗೆ ಅದೇ ಕಪ್ಪು ಬಟ್ಟೆಯ ಹುಡುಗಿ ಸ್ನೇಹಿತರ ಜೊತೆ ಹತ್ತಿರ ಬಂದಳು. ಮೇಡಂ, ಇವರು ಅದೇ ಅಜ್ಜಿ ಅಲ್ಲವಾ ಎಂದಳು. ಹೌದು, ನಮ್ಮ ಸ್ವಂತ ಅತ್ತೆ ಎಂದೆ. ಹೇಳಿದವಳೇ ಚೀಲವ‌ನ್ನು ಅವಳ ಕೈಗೆ ಕೊಟ್ಟೆ, ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿದೆ, ಅತ್ತೆಯ ಎರಡೂ ಕೈ ಹಿಡಿದುಕೊಂಡೆ. ಹದಿನೇಳು ವರ್ಷದಿಂದ ಮಕ್ಕಳಿಗೆ ಸಾಲಾಗಿ ನಿಲ್ಲಿ, ಗಲಾಟೆ ಮಾಡಬೇಡಿ ಎಂದು ಹೇಳಿಕೊಂಡು ಬಂದವಳು, ಹೆಜ್ಜೆ ಗೊತ್ತಿಲ್ಲ, ತಾಳ ಗೊತ್ತಿಲ್ಲ, ಅಪ್ಪನ ಗಾಲಿಕುರ್ಚಿಯ ಮುಂದೆ ಕುಣಿಯತೊಡಗಿದೆ. ಅತ್ತೆ ನಿಂತಲ್ಲೇ ಬಳೆ ಅಲುಗಿಸಿ ತಾಳ ಹಾಕಿದರು. ಸುತ್ತಲಿನವರು ಮೊಬೈಲು ಎತ್ತಿದರು. ನನ್ನ ಹಣೆಯಿಂದ ಬೆವರು ಕಣ್ಣಿಗೆ ಇಳಿಯಿತು.

ಅಪ್ಪ ಅಕ್ಕನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಂಬಲಾಗದವರ ಹಾಗೆ ಕಣ್ಣು ಅಗಲವಾಯಿತು. ತುಟಿ ಎರಡು ಸಲ ತೆರೆದು ಮುಚ್ಚಿತು.

"ನೀನೂನಾ?" ಎಂದರು.

ಇದು ಹಳೆಯ ಮಾತಲ್ಲ. ಇದನ್ನು ಅಪ್ಪ ನನಗೆ ಜನ್ಮದಲ್ಲಿ ಹೇಳಿರಲಿಲ್ಲ, ಹೇಳುವ ಸಂದರ್ಭವನ್ನು ನಾನು ಕೊಟ್ಟೇ ಇರಲಿಲ್ಲ. ನನ್ನ ಕಾಲು ನಿಂತುಬಿಟ್ಟಿತು. ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಆದರೆ ಅವರು ನನ್ನ ಕೈ ಬಿಡಲಿಲ್ಲ.

"ನಿಲ್ಲಿಸ್ಬ್ಯಾಡ ಕಣವ್ವ," ಎಂದರು. "ಇನ್ನೂ ಏನೋ ಏಳ್ತಾನೆ."

ನಾನು ಮತ್ತೆ ಕುಣಿಯತೊಡಗಿದೆ.